ಹುಳುವಿಲ್ಲದ ಇಲಿಗಳು

ದ್ವೀಪದ ಸಂಶೋಧನಾ ಕೇಂದ್ರ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಹಡಗಿನಲ್ಲಿ ಊಟ ಸೇರುತ್ತಿದೆಯೇ? ಸೇರಿರುತ್ತದೆ ಬಿಡು, ಬೇರೆಯವರ ಪಾಲಿನದು ನಿನಗೆ ಯಾವಾಗಲೂ ಸೇರುತ್ತದೆ. ನಾವು ಕ್ಷೇಮ. ಇಲ್ಲಿಗೆ ಕರೆತಂದಾಗ ಅಮ್ಮ ಗಾಳಿಗೆ ಹಾರಿಹೋಗುವಂತಿದ್ದಳು. ಈಗ ಅವಳ ಹಳೆಯ ಬಟ್ಟೆಗಳೆಲ್ಲ ಬಿಗಿಯಾಗಿವೆ.

ನನ್ನ ಕೆಲಸವೇನೆಂದು ನೀನು ಕೇಳಿದ್ದೆ. ಇಲಿ ಕೊಯ್ಯುವುದು. ಬಂದರಿನ ಪ್ರಯೋಗಾಲಯದಲ್ಲೂ ಅದನ್ನೇ ಮಾಡುತ್ತಿದ್ದೆ. ಅಲ್ಲಿ ಕರುಳು ಸೀಳಿದರೆ ಲಾಡಿಹುಳುಗಳು ನೂಲಿನ ಉಂಡೆಯಂತೆ ಹೊರಬೀಳುತ್ತಿದ್ದವು. ಇಲ್ಲಿಯವೂ ಆ ಇಲಿಗಳದೇ ಸಂತಾನ, ಹಿಂದೆಂದೋ ಹಡಗಿನಿಂದ ಇಳಿದವು. ಆದರೆ ಕರುಳು ತೊಳೆದಿಟ್ಟಂತೆ ಖಾಲಿ. ಹುಳುವಿನ ಮರಿ ಬೆಳೆಯಲು ಒಂದು ಜಾತಿಯ ಜೀರುಂಡೆಯ ಹೊಟ್ಟೆ ಬೇಕಂತೆ, ಆ ಜೀರುಂಡೆ ಇಲ್ಲಿ ನೆಲೆಯೂರಲಿಲ್ಲ. ಮೊದಲು ಬಂದ ಇಲಿಗಳು ಸತ್ತಾಗ ಅವುಗಳ ಹೊಟ್ಟೆಯಲ್ಲಿದ್ದ ಹುಳುವಿನ ವಂಶವೂ ಮುಗಿಯಿತು. "ಬಿಟ್ಟಿ ಊಟದವರಿಗೆ ಇಲ್ಲಿ ನೆಲೆ ತಪ್ಪಿತು ನೋಡಮ್ಮ" ಎಂದು ನಮ್ಮ ಡಾಕ್ಟರು ನಕ್ಕರು. ನನಗೆ ನಿನ್ನ ನೆನಪಾಯಿತು.

ಅಮ್ಮನಿಗೂ ಹೇಳಿದೆ. ಬಟಾಣಿ ಸುಲಿಯುತ್ತಿದ್ದವಳು ತಲೆಯೆತ್ತದೆ, "ಹಾಗಾದ್ರೆ ಇಲಿಗಳು ಸುಖವಾಗಿವೆ ಅನ್ನು" ಅಂದಳು. ಸುಖವಾಗಿಯೇ ಇವೆ. ಕೊಬ್ಬಿ, ಕಡಲಹಕ್ಕಿಯ ಮರಿಗಳನ್ನು ಗೂಡಿನಲ್ಲೇ ಜೀವಂತ ತಿನ್ನುತ್ತಿವೆ. ತಾಯಿಹಕ್ಕಿ ಪಕ್ಕದಲ್ಲೇ ಕೂತಿರುತ್ತದೆ, ಏನು ಮಾಡಬೇಕೆಂದು ಅದಕ್ಕೆ ತಿಳಿಯದು. ಹುಳು ಹೋದ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ. ನಾವೂ ಆಗಿಲ್ಲ.

ಇರಲು ಮನೆಯಿಲ್ಲ, ಮೈಗೆ ಹುಷಾರಿಲ್ಲ, ಅಲ್ಲೇ ಬಂದಿರುತ್ತೇನೆ ಎಂದು ನೀನು ಬರೆದಿದ್ದೆ. ಬಂದೂ ಬಿಟ್ಟಿದ್ದೀಯ; ನಿನ್ನ ಹಡಗು ಕಿಟಕಿಯಿಂದ ಕಾಣುತ್ತಿದೆ. ಈ ದ್ವೀಪದಲ್ಲಿ ಹೊಸಬರನ್ನು ಅವರ ಮನೆಯವರೊಬ್ಬರು ಹಡಗು ನಿಲ್ಲುವ ಧಕ್ಕೆಗೆ ಹೋಗಿ ಕೈಹಿಡಿದು ಇಳಿಸಿಕೊಳ್ಳಬೇಕು. ಯಾರೂ ಬಾರದವರನ್ನು ಹಡಗು ವಾಪಸು ಒಯ್ಯುತ್ತದೆ. ನಾನು ಬರುವುದಿಲ್ಲ, ಕೆಲಸವಿದೆ. ಅಮ್ಮ ಬಂದೇ ಬರುತ್ತಾಳೆಂದು ನೀನು ನಂಬಿರುತ್ತೀಯ. ಇಷ್ಟು ವರ್ಷ ನೀನು ಕರೆದಾಗಲೆಲ್ಲ ಬಂದಿದ್ದಾಳಲ್ಲ.

ಡೆಕ್ಕಿನ ಮೇಲೆ ಚಳಿಗಾಳಿ, ಕಿವಿಗೆ ಬಟ್ಟೆ ಸುತ್ತಿಕೋ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಕ್ಕ

ಬರೆಯಲು ಮರೆತೆ: ಇದನ್ನು ದೋಣಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಲ್ಲಿಂದಲೇ ನೋಡು, ಧಕ್ಕೆಯ ಮೇಲಿನ ಮನೆಯಂಗಳದಲ್ಲಿ ಬಟ್ಟೆ ಒಣಹಾಕುತ್ತಿರುವವಳು ಅಮ್ಮನೇ. ಕೂಗಬೇಡ. ನೀನು ಮಾರಿಕೊಂಡೆಯಲ್ಲ ಅವಳ ಕಿವಿಯ ಮಷೀನು, ಅದರ ಬದಲು ಹೊಸದು ಕೊಡಿಸಿದ್ದೇನೆ, ಚೆನ್ನಾಗಿ ಕೇಳಿಸುತ್ತದೆ. ಇವತ್ತು ಹಡಗಿನ ಹಾರ್ನು ಕೇಳಿದ ಕೂಡಲೇ ಅವಳೇ ಅದನ್ನು ತೆಗೆದು ಡಬ್ಬಿಯಲ್ಲಿಟ್ಟಳು.