ಬ್ರೇಕಿಗೆ ಹಚ್ಚಿದ ಭಂಡಾರ

ವಲಾಂಡಿ, ತಾ. ದೇವಣಿ
ಸೋಮವಾರ, ೧೫ ಸೆಪ್ಟೆಂಬರ್ ೨೦೨೫

ರೂಪಾಲಿಯ ಅಪ್ಪನಿಗೆ ಜಗದೇವಿಯ ನಮಸ್ಕಾರ.

ಬೆನ್ನುನೋವು ಹೇಗಿದೆ? ಇಡೀ ದಿನ ಕಂಪನಿಯ ಗಾಡಿ ಓಡಿಸುವವರು ಬಿಸಿನೀರಿನ ಶಾಖ ತೆಗೆದುಕೊಳ್ಳಬೇಕು. ಅದನ್ನೆಲ್ಲ ನೋಡಿಕೊಳ್ಳಲು ಈಗ ಚಾಕಣದಲ್ಲಿ ಬೇರೊಬ್ಬಳಿದ್ದಾಳೆ, ಆದರೂ ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಫೋನ್ ಮಾಡಿದರೆ ಗಾಡಿ ಮೇಲಿದ್ದೇನೆ ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಕನ್ನಡದಲ್ಲಿ ಬರೆದರೆ ಆ ಮರಾಠಿ ಮನೆಯಲ್ಲಿ ಓದಬಲ್ಲವರು ನೀವೊಬ್ಬರೇ.

ನೀವು ಮಗಳಿಗೆ ಕಳಿಸಿದ ಸೈಕಲ್ ಬಂತು. ಗೇರು, ದಪ್ಪ ಟಯರು, ಗುಡ್ಡ ಹತ್ತುವಂಥದ್ದು. ವಲಾಂಡಿಯಲ್ಲಿ ಅವಳು ಯಾವ ಗುಡ್ಡ ಹತ್ತಬೇಕೋ ನೀವೇ ಹೇಳಬೇಕು. ರಟ್ಟಿನ ಡಬ್ಬ ಬಿಚ್ಚಿದರೆ ಅರ್ಧ ಜೋಡಿಸಿದ್ದು, ಅರ್ಧ ಬಿಡಿ ಸಾಮಾನು. ಎಡಗಡೆಯ ಪೆಡಲನ್ನು ಉಲ್ಟಾ ತಿರುಗಿಸಿ ಬಿಗಿಯಬೇಕೆಂದು ಸೈಕಲ್ ಅಂಗಡಿಯ ದಿಗಂಬರ ಮಾಮಾ ಹೇಳಿಕೊಟ್ಟರು. ಉಳಿದದ್ದನ್ನು ಮೊಬೈಲಿನಲ್ಲಿ ನೋಡಿ ನಾನೇ ಪಾನಾ ಹಿಡಿದು ನಟ್ಟು ಬಿಗಿದು ಮಾಡಿದೆ. ಬೆರಳಿಗೆ ಸಿಗುವಂತೆ ಬ್ರೇಕಿನ ಹಿಡಿಕೆಯನ್ನು ಹತ್ತಿರ ತಂದೆ, ಟಯರಿನ ಗಾಳಿ ಕಲ್ಲಾಗದಂತೆ ನೋಡಿಕೊಂಡೆ. ಕಲಿಯುವವರ ಕಾಲು ನೆಲಕ್ಕೆ ಮುಟ್ಟಬೇಕೆಂದು ಸೀಟು ಪೂರ್ತಿ ಇಳಿಸಿದೆ. ರೂಪಾಲಿ ಕೂತರೆ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಏರಿಸುತ್ತ ಹೋದೆ, ಇನ್ನು ಮೇಲೆ ಎಳೆಯಬಾರದೆಂದು ಕೊಳವೆಯ ಮೇಲೆ ಕೊರೆದಿದ್ದ ಗೆರೆ ಬಂತು, ಆದರೂ ಸಾಲಲಿಲ್ಲ. ಏಳು ವರ್ಷದ ಮಕ್ಕಳ ಸೈಕಲ್ ರೀ ಅದು! ನೀವು ಹೋದಾಗ ಅವಳಿಗೆ ಏಳು. ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ಅಂಗಡಿಯವನು ಮಗಳ ಎತ್ತರ ಕೇಳಿದಾಗ ಕೈ ಎಲ್ಲಿ ಹಿಡಿದು ತೋರಿಸಿದಿರೋ. ಅವಳು ಮಾತ್ರ ಮಂಡಿ ಮಡಚಿಕೊಂಡೇ, “ಬರೋಬ್ಬರಿ ಆಗ್ಯದವ್ವಾ, ಅಪ್ಪಗ ಸಣ್ಣದು ಅಂತ ಹೇಳಬ್ಯಾಡ” ಎಂದಳು. 

ನಿಮ್ಮ ಅವ್ವನದು ಬೇರೆಯೇ ಸಂಭ್ರಮ. “ನನ್ನ ಮಗಾ ಕಳಿಸ್ಯಾನ, ಬೀರಪ್ಪನ ಭಂಡಾರ ಹಚ್ಚಲಾರದ ಹೊಸಲು ದಾಟಿಸಾಂಗಿಲ್ಲ” ಎಂದರು. ತಪ್ಪೇನಿಲ್ಲ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೂ ಭಂಡಾರ ಹಚ್ಚದೆ ನಮ್ಮ ಮನೆಯಲ್ಲಿ ಕೆಲಸಕ್ಕೆ ತೆಗೆದವರಿಲ್ಲ. ಆದರೆ ಭಂಡಾರದ ಒಣ ಅರಿಶಿನ ಉದುರುತ್ತದೆಂದು ಅತ್ತೆ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದರು. ಒಂದೊಂದು ಗಾಲಿಯ ನಡುಮಧ್ಯದಲ್ಲೂ ಥಳಥಳ ಹೊಳೆಯುವ ಉಕ್ಕಿನ ತಟ್ಟೆಗಳಿವೆಯಲ್ಲ, ಚಂದ ಕಂಡಿತೆಂದು ಎರಡಕ್ಕೂ ಬಳಿದರು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಈ ಸೈಕಲಿನ ಬ್ರೇಕು ಹಿಡಿಯುವುದೇ ಆ ತಟ್ಟೆಗಳನ್ನು. ಎಣ್ಣೆ ಬಿದ್ದರೆ ಏನು ಹಿಡಿದೀತು? ದೇವಣಿ ರಸ್ತೆಯ ಇಳಿಜಾರಿನಲ್ಲಿ ಹುಡುಗಿ ಎರಡೂ ಹಿಡಿಕೆ ಒತ್ತಿದರೂ ನಿಲ್ಲದೆ ಹೋಗಿ ನಾಲೆಗೆ ಬಿದ್ದಳು. ಬಲಗೈ ಮುರಿಯಿತು. ಉದಗೀರಿಗೆ ಒಯ್ದು ಪ್ಲಾಸ್ಟರ್ ಹಾಕಿಸಿಕೊಂಡು ಬಂದೆ. ಮನೆಗೆ ಕಾಲಿಡುವ ಮೊದಲೇ ಓಣಿಯವರೆದುರು ಅತ್ತೆ, “ನನ್ನ ಮಗಾ ಚಲೋದೇ ಕಳಿಸಿದ್ದ. ಪಾನಾ ಹಿಡಿದಾಕಿ ನೀ, ಕೆಡಿಸಿದಾಕೀನೂ ನೀನೇ” ಎಂದರು. ಎಣ್ಣೆಯ ಮಾತು ದಿಗಂಬರ ಮಾಮಾ ಬಿಡಿಸಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೂಪಾಲಿಯೂ ಅಜ್ಜಿಯ ಮಾತನ್ನೇ ನಂಬಿದಳು. ನನಗೆ ಅಳು ಬಂದದ್ದು ಅದಕ್ಕೆ.

ಮಾಮಾ ತಟ್ಟೆ ಒರೆಸಿ ಬ್ರೇಕಿಗೆ ಹೊಸ ಪ್ಯಾಡು ಹಾಕಲು ಬಂದಿದ್ದರು. ರೂಪಾಲಿ ಸೈಕಲಿಗೆ ಅಡ್ಡ ನಿಂತುಬಿಟ್ಟಳು. “ಯಾರೂ ಮುಟ್ಟಬ್ಯಾಡ್ರಿ. ದೀಪಾವಳಿಗಿ ಅಪ್ಪ ಬರ್ತಾನ, ಅಂವಾನೇ ಹಾಕ್ತಾನ.” ವಿಡಿಯೋ ಕಾಲಿನಲ್ಲಿ ನೀವೇ ಹಾಗೆ ಹೇಳಿದಿರಂತೆ. ಕೊಟ್ಟಿಗೆಯಲ್ಲಿ ನಿಂತ ಸೈಕಲನ್ನು ದಿನಾ ಎಡಗೈಯಿಂದ ಒರೆಸುತ್ತಾಳೆ. ಅಪ್ಪ ಬರುತ್ತಾನೆಂದು ಶಾಲೆಯಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿಮ್ಮ ಜೊತೆ ಗಾಡಿ ಓಡಿಸುವ ನಮ್ಮೂರ ಹುಡುಗ ಶ್ರೀಮಂತ, ಎತ್ತಿನ ಹಬ್ಬ ಪೋಳ್ಯಾಕ್ಕೆ ಊರಿಗೆ ಬಂದಿದ್ದ. ದೀಪಾವಳಿಗೆ ನಿಮ್ಮ ಅಲ್ಲಿಯ ಮಗನಿಗೆ ಜವಳದ ಕೂದಲು ತೆಗೆಸುವುದಿದೆಯೆಂದು ಅವನ ಬಾಯಿಂದ ಜಾರಿತು. ಗಂಡುಮಗುವಂತೆ. ದೇವರು ಚೆನ್ನಾಗಿಟ್ಟಿರಲಿ, ಆ ಕೂಸಿನದೇನು ತಪ್ಪು? ನಾನು ಮನೆಯಲ್ಲಿ ಬಾಯಿ ಬಿಟ್ಟಿಲ್ಲ.

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮಗಳು ತಾನೇ ಎರಡು ಸಾಲು ಬರೆಯುತ್ತೇನೆಂದಳು, ಕೈ ಏಳಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಜಗದೇವಿ

ತಾ.ಕ.: ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ನೀವು ಬರುವುದು ಬೇಡ, ಹಣವೂ ಬೇಡ. ಮಹಾನವಮಿಯೊಳಗೆ ಒಂದು ಸಲ ಅವಳಿಗೆ ಫೋನ್ ಮಾಡಿ, “ನಾನು ಇನ್ನು ಬರುವುದಿಲ್ಲ, ನನಗೆ ಇಲ್ಲಿ ಬೇರೆ ಮನೆಯಿದೆ” ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅವಳು ದ್ವೇಷಿಸುವುದು ನಿಮ್ಮನ್ನಲ್ಲ, ನನ್ನನ್ನು. ನನಗೆ ಉಳಿದಿರುವುದು ಅವಳೊಬ್ಬಳೇ ರೀ.