ಮಂಡಿಯ ನೀರು ಗುಜರಿ ಸಾಮಾನಲ್ಲ

ಮಾನ್ಯ ವಿಲೇವಾರಿ ಅಧಿಕಾರಿಗಳೇ,

ನಮ್ಮ ಸಂಶೋಧನಾಲಯದ ಹಳೆಯ ಸಾಮಾನಿನ ಜೊತೆಗೆ ಡೀಪ್ ಫ್ರೀಜರಿನಲ್ಲಿ ಇರುವುದನ್ನೆಲ್ಲ ಬರುವ ಶುಕ್ರವಾರ ನಾಶಪಡಿಸಬೇಕೆಂದು ತಾವು ಆದೇಶಿಸಿದ್ದೀರಿ. ಪಟ್ಟಿ ನೋಡಿದೆ. ಕೆಟ್ಟ ಫ್ಯಾನು ನಾಲ್ಕು, ಕಾಲು ಮುರಿದ ಮೇಜು ಎರಡು, ಆಮೇಲೆ ಕೀಲಿನ ನೀರು, ಮುನ್ನೂರ ಹನ್ನೆರಡು ಕೊಳವೆ.

ಮೈ ಕಾಯಬೇಕಾದ ರೋಗನಿರೋಧಕ ಕಣಗಳು ಸ್ವಂತ ಕೀಲುಗಳ ಮೇಲೇ ದಂಡೆತ್ತಿ ಹೋಗುವುದೇಕೆ? ಉರಿಯೂತದ ಸಂಧಿವಾತದ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ, ಇಲ್ಲಿಯ ಡಾಕ್ಟರಾದ ನಮ್ಮ ದೊಡ್ಡಮ್ಮ ಇಪ್ಪತ್ತಾರು ವರ್ಷ ಕಳೆದಿದ್ದಾರೆ. ಸಾಹಿತ್ಯ ಓದಿ ಮನೆಯಲ್ಲಿ ಕೂತಿದ್ದ ನನ್ನನ್ನು ಕೊಳವೆಗಳ ಪಟ್ಟಿ ಬರೆಯಲು ಕೂರಿಸಿದವರೂ ಅವರೇ. ರೋಗಿಯ ಮಂಡಿಯಿಂದ ತೆಗೆದ ನೀರನ್ನು ಅವರು ಎರಡು ಪಾಲು ಮಾಡುತ್ತಾರೆ. ಒಂದು ಆಗಿನ ಪರೀಕ್ಷೆಗೆ. ಇನ್ನೊಂದು, ವರ್ಷಗಳ ಮೇಲೆ ಅದೇ ರೋಗಿ ಬಂದಾಗ ಹೋಲಿಸಿ ನೋಡಲು. ತಮ್ಮ ನಮೂನೆಯಲ್ಲಿ 'ಕೊನೆಯ ಬಾರಿ ಬಳಸಿದ ದಿನಾಂಕ' ಎಂದು ಕೇಳಿದ್ದಿರಿ. ದೊಡ್ಡಮ್ಮ ಎರಡನೇ ಪಾಲಿನ ಎದುರು ಪ್ರಾಮಾಣಿಕವಾಗಿ 'ಇನ್ನೂ ಬಳಸಿಲ್ಲ' ಎಂದು ಬರೆದರು. ಹತ್ತು ವರ್ಷ ಬಳಸದ್ದೆಲ್ಲ ಕಸ ಎಂದು ತಾವು ತೀರ್ಮಾನಿಸಿದಿರಿ. ಹಾಗಾದರೆ ತಮ್ಮ ಕಚೇರಿಯ ಗೋಡೆಗೆ ನೇತುಹಾಕಿರುವ ಬೆಂಕಿ ಆರಿಸುವ ಸಿಲಿಂಡರನ್ನು ಎಸೆಯುವುದು ಯಾವಾಗ?

"ಯಾವ್ದಾದ್ರೂ ಒಂದು ತಾರೀಕು ಹಾಕ್ಬಾರ್ದಿತ್ತಾ ದೊಡ್ಡಮ್ಮ?" ಎಂದೆ.

"ಹಾಕಿದ್ರೆ ನನ್ನ ಉಳಿದ ತಾರೀಕುಗಳನ್ನ ಯಾರು ನಂಬ್ತಾರೆ? ಕತೆ ಓದಿ ಓದಿ ಕೆಟ್ಟಿದ್ದೀಯ ನೀನು."

ಹತ್ತೊಂಬತ್ತು ವರ್ಷದ ಹಿಂದೆ ಮಂಡಿ ಊದಿ, ಹೊಲಿಗೆ ಯಂತ್ರ ತುಳಿಯಲಾಗದೆ ಬಂದಿದ್ದ ಟೈಲರಕ್ಕ ಕಳೆದ ವಾರ ಮತ್ತೆ ಬಂದರು. ನಡುವೆ ಹದಿನಾಲ್ಕು ವರ್ಷ ಔಷಧಿಯಿಲ್ಲದೆಯೇ ಅಡಗಿದ್ದ ರೋಗ ಈಗ ಮರಳಿದೆ. ಏಕೆ ಅಡಗಿತು, ಏಕೆ ಮರಳಿತು? ಅವರ ಹಳೆಯ ನೀರನ್ನೂ ಹೊಸ ನೀರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸುಳಿವು ಸಿಕ್ಕೀತು. ದೊಡ್ಡಮ್ಮ ಇಷ್ಟು ವರ್ಷ ಕಾದದ್ದು ಇಂಥ ಒಂದು ಮಂಡಿಗಾಗಿ. ಆದರೆ ಪರೀಕ್ಷಿಸುವ ಯಂತ್ರದಲ್ಲಿ ನಮ್ಮ ಸರದಿ ಇರುವುದು ಮುಂದಿನ ತಿಂಗಳು.

"ನನ್ನ ನೀರು ಇನ್ನೂ ಇಟ್ಕೊಂಡಿದ್ದೀರಾ ಡಾಕ್ಟ್ರಮ್ಮ? ನಮ್ಮನೆಯವ್ರು ಮದುವೆ ಫೋಟೋನೇ ಕಳೆದ್ಹಾಕಿದಾರೆ," ಎಂದು ಟೈಲರಕ್ಕ ನಕ್ಕರು. ತಮ್ಮ ಆದೇಶವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಮಂಡಿ ನಂದು. ಚೆಲ್ಲೋ ಮುಂಚೆ ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ? ಶುಕ್ರವಾರ ಬಂದು ಫ್ರೀಜರ್ ಬಾಗಿಲಿಗೆ ಒರಗಿ ಕೂತ್ಕೋತೀನಿ. ಒಂದ್ಸಲ ಕೂತ್ರೆ ಯಾವಾಗ ಏಳ್ತೀನೋ ನಂಗೇ ಗೊತ್ತಿಲ್ಲ ಅಂತ ಅವರಿಗೆ ಬರೆದ್ಬಿಡಮ್ಮ."

ಬರೆದಿದ್ದೇನೆ. ಗುರುವಾರದೊಳಗೆ ಆದೇಶವನ್ನು ಹಿಂಪಡೆಯಿರಿ. ಇಲ್ಲವೇ ತಾವೇ ಖುದ್ದಾಗಿ ಬಂದು ಅವರನ್ನು ಎಬ್ಬಿಸಿ. ಉಳಿದ ಮುನ್ನೂರ ಹನ್ನೊಂದು ಮಂದಿಗೂ ಇವತ್ತೇ ಕಾಗದ ಹಾಕುತ್ತಿದ್ದೇನೆ.

ಇಂತಿ,
ತಮ್ಮ ಕೊಠಡಿಯ ಬಾಗಿಲವರೆಗೆ ಎರಡು ಸಲ ಬಂದು, ತಟ್ಟಲು ಧೈರ್ಯ ಸಾಲದೆ ಹಿಂತಿರುಗಿದ
ಕೊಳವೆಗಳ ಪಟ್ಟಿ ಬರೆಯುವವಳು