ಹುಣಸೆಹಣ್ಣು ಹಾಕಿ ತಿಕ್ಕಿದ ಸ್ಟವ್

ಚನ್ನರಾಯಪಟ್ಟಣ
೧೮ ಫೆಬ್ರವರಿ ೧೯೬೩

ನನ್ನ ಚಿನ್ನದಂಥ ಪ್ರೇಮಕ್ಕನಿಗೆ,

ನಿನ್ನ ಮೂರು ಕಾಗದಗಳೂ ತಲುಪಿವೆ. ಮದುವೆಯಾದದ್ದೇ ತಡ, ತಂಗಿ ಅಕ್ಕನನ್ನು ಮರೆತಳು ಎಂದು ಬೈದುಕೊಂಡಿರುತ್ತೀಯ. ಪೂರ್ತಿ ಓದಿದ ಮೇಲೆ ಬೈಯಿ. ಒಂದು ತಿಂಗಳು ನನ್ನ ಬಲಗೈಗೆ ಬ್ಯಾಂಡೇಜು ಇತ್ತು. ಹೆದರಬೇಡ! ಈಗ ಬರೆಯುತ್ತಿರುವುದು ಅದೇ ಕೈ.

ಸೌದೆಯ ಹೊಗೆಗೆ ನನ್ನ ಕಣ್ಣು ಕೆಂಪಾಗುವುದನ್ನು ನೋಡಲಾರದೆ ನಮ್ಮವರು ಹಾಸನದಿಂದ ಹೊಸ ಪಂಪ್ ಸ್ಟವ್ ತಂದರು. ನಾಲ್ಕನೆಯ ದಿನ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟವಾಗಬೇಕಲ್ಲ ಎಂದು ಸಾರಿಗೆ ಇಟ್ಟಿದ್ದೆ. ಢಬ್ಬೆಂದು ಟ್ಯಾಂಕು ಸೀಳಿ ಉರಿ ಕೈಗೆ ಹತ್ತಿತು. ಅತ್ತೆ ಒದ್ದೆ ಗೋಣಿತಾಟು ಹಾಕಿ ಆರಿಸಿದರು.

ನಮ್ಮವರು ಹೋಗಿ ಕೇಳಿದರೆ ಅಂಗಡಿಯವನು, "ಕಾನ್ವೆಂಟಲ್ಲಿ ಓದಿದ ಹುಡ್ಗೀರು ಸ್ವಾಮಿ, ಮಿತಿಮೀರಿ ಪಂಪ್ ಹೊಡ್ದಿರ್ತಾರೆ. ಸ್ಟವ್ ಏನ್ಮಾಡುತ್ತೆ?" ಎಂದನಂತೆ. ಆ ಮಾತು ನಮ್ಮ ಮನೆಗೂ ಬಂದು ಕೂತಿತು ಅಕ್ಕ. ಅತ್ತೆ ಗದರಲಿಲ್ಲ, ಬಂದವರಿಗೆಲ್ಲ "ಪಾಪ, ಮಗೂಗೆ ಗೊತ್ತಾಗ್ಲಿಲ್ಲ" ಎನ್ನುತ್ತಿದ್ದರು. ಗದರಿದ್ದರೇ ವಾಸಿಯಿತ್ತು. ನಾನು ತಪ್ಪು ಮಾಡಿರಲಿಲ್ಲ, ನಂಬುವವರು ಮಾತ್ರ ಯಾರೂ ಇರಲಿಲ್ಲ.

ವಕೀಲರನ್ನು ಹಿಡಿಯೋಣ ಎಂದು ಹಟ ಮಾಡಿದವಳು ನಾನೇ. ಹಾಸನದ ದೊಡ್ಡ ವಕೀಲರೊಬ್ಬರು, "ಜಮೀನು, ಪಾಲು ಇದ್ರೆ ತನ್ನಿ. ಸ್ಟವ್‌ಗೆಲ್ಲ ಕೇಸಾ?" ಎಂದು ನಕ್ಕು ಕಳಿಸಿದರು. ಕೊನೆಗೆ ದಾರಿ ತೋರಿಸಿದ್ದು ದಂಡಿಗನಹಳ್ಳಿಯಿಂದ ಹಾಲು ತರುವ ಬೋರಪ್ಪ. "ಅಲ್ಲಿಗ್ಯಾಕ್ ಓಗಿದ್ರವ್ವಾ? ನಮ್ಮ ನೀರೆತ್ತೋ ಇಂಜಿನ್ನು ತಂದ ವಾರಕ್ಕೇ ಸೀಳ್ಕೊಂಡಾಗ ಅದ್ನ ಮಾರಿದ್ ಅಂಗ್ಡಿಯವನ್ನ ಬಗ್ಗಿಸಿದ್ದು ನಿಮ್ಮ ಹಿಂದಿನ ಬೀದಿ ಆದಿರಾಜಯ್ಯನೋರೇ ಕಣವ್ವಾ!" ಎಂದ. ಹಿಂದಿನ ಬೀದಿ! ನಾವು ಹಾಸನದ ಬಸ್ಸಿಗೆ ಕಾದು ಸತ್ತಿದ್ದೆವು.

ಆದಿರಾಜಯ್ಯನವರು ಸ್ಟವ್ ತನ್ನಿ ಎಂದು ಹೇಳಿಕಳಿಸಿದರು. ಅತ್ತೆ ಏನು ಮಾಡಿದರು ಗೊತ್ತೇ? "ವಕೀಲರ ಮನೆಗೆ ಮಸಿ ಹಿಡ್ದಿರೋ ಸಾಮಾನು ತಗೊಂಡ್ಹೋಗೋದುಂಟಾ?" ಎಂದು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿಬಿಟ್ಟರು!

ವಕೀಲರು ಅತ್ತೆಯನ್ನು ನೋಡಿ ತಲೆಯ ಮೇಲೆ ಕೈಹೊತ್ತರು. "ಪದ್ಮಾವತಮ್ನೋರೇ, ಇಪ್ಪತ್ತು ವರ್ಷದ ವಕೀಲಿಯಲ್ಲಿ ಸಾಕ್ಷೀನ ಬೆಳಗಿ ತಂದವ್ರು ನೀವೇ ಮೊದ್ಲು." ನನಗೆ ಅಳುವೇ ಬಂತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು, ಆಮೇಲೆ ಅತ್ತೆಯನ್ನೇ ಹತ್ತಿರ ಕರೆದರು. ಮಸಿಯ ಜೊತೆ ಮೇಲಿನ ಬಣ್ಣವೂ ಹೋಗಿತ್ತು. ಸೀಳಿನ ಪಕ್ಕದಲ್ಲೇ ಬೆರಳಗಲದ ಬೆಸುಗೆಯ ತೇಪೆ! ಹಳೆಯ ಸ್ಟವ್‌ಗೆ ಬಣ್ಣ ಬಳಿದು ಹೊಸದೆಂದು ಮಾರಿದ್ದ.

"ನೀವು ಹತ್ತಿಸಿದ್ರೂ ಇದು ಒಡೀತಿತ್ತು ತಾಯಿ," ಎಂದರು ವಕೀಲರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ರಸೀದಿ ನಮ್ಮವರ ಹೆಸರಿನಲ್ಲಿದ್ದುದರಿಂದ ವಕಾಲತ್ತಿಗೆ ಅವರೇ ಅಲ್ಲೇ ಸಹಿ ಹಾಕಿದರು. ನೋಟೀಸು ಹೋದ ಹತ್ತನೇ ದಿನಕ್ಕೆ, ನಿನ್ನೆ, ಅಂಗಡಿಯವನು ರಾಜಿಗೆ ಬಂದು ಜಗಲಿಯಲ್ಲಿ ನಿಂತ. ಔಷಧಿಯ ಖರ್ಚು ಕೊಡುತ್ತೇನೆಂದು ಒಪ್ಪಿ, "ತಪ್ಪಾಯ್ತಮ್ಮ" ಎಂದು ಅತ್ತೆಗೆ ಕೈಮುಗಿದ. ಅತ್ತೆ, "ನಂಗ್ಯಾಕಪ್ಪ ಹೇಳ್ತೀಯ? ನಮ್ಮ ಸೊಸೆಗೆ ಹೇಳು," ಎಂದರು. ಪ್ರೇಮಕ್ಕ, ನಾನು ಒಳಗೆ ಓಡಿಹೋಗಿ ಉಗ್ರಾಣದಲ್ಲಿ ಒಬ್ಬಳೇ ಕುಣಿದೆ! ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲೆ ಹೀಗೇ ಇರಲಿ.

ನಿನ್ನ ಹುಚ್ಚು ತಂಗಿ,
ಅನಂತಮತಿ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ. ಸ್ಟವ್ ಒಡೆದ ದಿನ ಸದ್ದು ಕೇಳಿ ನಮ್ಮವರು ಓಡಿಬಂದರಲ್ಲ, ನನ್ನ ಕೈ ನೋಡುವ ಮೊದಲು ಕೇಳಿದ್ದು, "ಏನ್ಮಾಡ್ದೆ?" ಅಂತ. ಈಗ ಅವರು ತುಂಬಾ ಒಳ್ಳೆಯವರು, ಬ್ಯಾಂಡೇಜು ಬಿಚ್ಚಿ ಕಟ್ಟಿದ್ದೆಲ್ಲ ಅವರೇ. ಅವರಿಗೆ ಆ ಮಾತು ನೆನಪೂ ಇಲ್ಲ. ಓದಿ ಹರಿದುಬಿಡು ಅಕ್ಕ.